ಮೊಳೆಯ ಪಕ್ಕದಲ್ಲಿ ಯಾರಿದ್ದಾರೆ?

ಕೃಷ್ಣಾ ನದಿಯ ತೆಪ್ಪಕ್ಕೆ ತುಕ್ಕು ಹಿಡಿಯುವುದಿಲ್ಲ. ಹಿಡಿಯೋಣವೆಂದರೆ ಅದರಲ್ಲಿ ಕಬ್ಬಿಣವೇ ಇಲ್ಲ. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಹೊರಮೈಗೆ ಹಿಂದೆ ಚರ್ಮ, ಈಗ ಟಾರ್ಪಾಲಿನ್ನೋ ಪ್ಲಾಸ್ಟಿಕ್ ಚೀಲವೋ ಹೊದಿಸಿ, ಡಾಂಬರು ಬಳಿದರೆ ತೆಪ್ಪ ಸಿದ್ಧ. ರಾಯಚೂರು ತಾಲ್ಲೂಕಿನ ನಾರದಗಡ್ಡೆ, ಕುರ್ವಕುಲಾ ನಡುಗಡ್ಡೆಗಳಿಗೆ ಜನ ಇಂಥ ತೆಪ್ಪದಲ್ಲೇ ಹೋಗಿ ಬಂದವರು. ಸುಮಾರು 500 ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ತುಂಗಭದ್ರೆಯ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿದ್ದ. ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಅವು ದಾಟಿಸುತ್ತವೆ ಎಂದು ಬರೆದಿಟ್ಟಿದ್ದಾನೆ.

ಸಮುದ್ರದ ಹಾಯಿಹಡಗಿನ ಪಾಡು ಬೇರೆ. ಹಲಗೆಗಳನ್ನು ಕೂಡಿಸಲು ಮೊಳೆ ಬೇಕು, ಬೋಲ್ಟು ಬೇಕು. ಹಾಯಿ ಕಟ್ಟುವ ಎತ್ತರದ ಕೂವೆಕಂಬ ಗಾಳಿಗೆ ಬೀಳದಂತೆ ನಾಲ್ಕೂ ಕಡೆ ಎಳೆದು ಹಿಡಿಯುವ ತಂತಿಗಳು ಬೇಕು. ಆ ತಂತಿಗಳನ್ನು ಹಡಗಿನ ಮೈಗೆ ಬಿಗಿಯುವ ಲೋಹದ ಪಟ್ಟಿ, ಚುಕ್ಕಾಣಿಯ ತಿರುಗಣಿ, ಲಂಗರು, ಸರಪಳಿ ಹೀಗೆ ಲೆಕ್ಕ ಉದ್ದವಾಗುತ್ತದೆ. ಹಳೆಯ ಹಾಯಿಹಡಗೊಂದನ್ನು ದುರಸ್ತಿ ಮಾಡಲು ಹೊರಟವರು ಕೊಳೆತ ಮರವನ್ನು ಎಷ್ಟು ಹುಡುಕುತ್ತಾರೋ ತುಕ್ಕು ತಿಂದ ಲೋಹವನ್ನೂ ಅಷ್ಟೇ ಹುಡುಕುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ನಿಮ್ಮಲ್ಲೊಬ್ಬರು ಕೈ ಎತ್ತುತ್ತಾರೆ ಎಂದು ನನಗೆ ಗೊತ್ತು. “ಸರ, ನಮ್ಮ ಕಡೆ ಸಮುದ್ರಾನೇ ಇಲ್ಲ, ಹಡಗಿನ ಮಾತ್ಯಾಕ್ರಿ?”

ಸಮುದ್ರ ಇಲ್ಲ, ನಿಜ. ಆದರೆ ನೀರಿನಲ್ಲಿ ನಿಂತ ಕಬ್ಬಿಣ ನಿಮ್ಮಲ್ಲಿ ಬೇಕಾದಷ್ಟಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡು ನಿಮ್ಮದು. ದೇವದುರ್ಗ ತಾಲ್ಲೂಕಿನ ಗೂಗಲ್ ಬ್ಯಾರೇಜಿನ ಗೇಟುಗಳು, ಮಾನ್ವಿ ಕಡೆಯ ಕಾಲುವೆಗಳ ತೂಬಿನ ಬಾಗಿಲುಗಳು, ಹೊಲದ ಬೋರ್‌ವೆಲ್ಲಿನ ಪೈಪು, ಮನೆಯ ಮುಂದಿನ ನೀರಿನ ಡ್ರಮ್ಮು. ಹಡಗಿಗೆ ಹಿಡಿಯುವ ಜಂಗೂ ಇವಕ್ಕೆ ಹಿಡಿಯುವ ಜಂಗೂ ಒಂದೇ. ಸಮುದ್ರದಲ್ಲಿ ಅದರ ಓಟ ಜೋರು, ಹಾಗಾಗಿ ಅಲ್ಲಿನವರು ಅದರ ಗುಟ್ಟನ್ನು ನಮಗಿಂತ ಮೊದಲೇ ಕಲಿಯಬೇಕಾಯಿತು.

ಮೊದಲು ಕಬ್ಬಿಣ ಎಲ್ಲಿಂದ ಬಂತು ನೋಡೋಣ. ತುಂಗಭದ್ರೆಯ ಆಚೆ ಸಂಡೂರಿನ ಬೆಟ್ಟಗಳಲ್ಲಿ ಕೆಂಪು ಅದಿರಿದೆ. ಅದರಲ್ಲಿ ಕಬ್ಬಿಣ ಒಂಟಿಯಾಗಿಲ್ಲ, ಆಮ್ಲಜನಕದ ಜೊತೆ ಸೇರಿಕೊಂಡಿದೆ. ಈ ಜೋಡಿಯನ್ನು ಬಿಡಿಸಲು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೋಕ್ ಉರಿಸಿ, ಭಾರೀ ಕುಲುಮೆಯಲ್ಲಿ ಕಾಯಿಸಬೇಕು. ಅಷ್ಟು ಶಾಖ ಖರ್ಚು ಮಾಡಿ ಬಿಡಿಸಿದ ಕಬ್ಬಿಣ ಸಮಯ ಸಿಕ್ಕಿದರೆ ಸಾಕು, ಮತ್ತೆ ಆಮ್ಲಜನಕದ ಜೊತೆ ಸೇರಲು ನೋಡುತ್ತದೆ. ತುಕ್ಕಿನ ಬಣ್ಣವೂ ಅದಿರಿನ ಬಣ್ಣವೂ ಹತ್ತಿರ ಹತ್ತಿರ ಇರುವುದು ಸುಮ್ಮನೆ ಅಲ್ಲ.

ಆದರೆ ಒಣಗಾಳಿಯಲ್ಲಿ ಆಮ್ಲಜನಕ ಧಾರಾಳವಾಗಿದ್ದರೂ ಕಬ್ಬಿಣಕ್ಕೆ ಸುಲಭದಲ್ಲಿ ತುಕ್ಕು ಹಿಡಿಯದು. ಅದಕ್ಕೆ ನೀರೂ ಬೇಕು. ಒಂದು ಹನಿ ನೀರು ಮೊಳೆಯ ಮೇಲೆ ಕೂತಿದೆ ಎನ್ನಿ. ಹನಿಯ ಅಂಚಿಗೆ ಗಾಳಿ ಸುಲಭವಾಗಿ ತಲುಪುತ್ತದೆ, ನಡುವಿಗೆ ಅಷ್ಟು ತಲುಪುವುದಿಲ್ಲ. ನಡುವಿನಲ್ಲಿರುವ ಕಬ್ಬಿಣದ ಪರಮಾಣುಗಳು ತಮ್ಮ ಎರಡೆರಡು ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟು ನೀರಿಗಿಳಿಯುತ್ತವೆ. ಬಿಟ್ಟ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿಗೆ ಬರುತ್ತವೆ. ಅಲ್ಲಿ ಆಮ್ಲಜನಕವೂ ನೀರೂ ಸೇರಿ ಅವನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ನೀರಿಗಿಳಿದ ಕಬ್ಬಿಣ ಇವುಗಳ ಜೊತೆ ಕೂಡಿ ಕೆಂಪು ತುಕ್ಕಾಗುತ್ತದೆ. ತುಕ್ಕು ಕಾಣುವ ಜಾಗ ಒಂದು, ಕಬ್ಬಿಣ ಕರಗುವ ಜಾಗ ಇನ್ನೊಂದು! ಕೆಂಪು ಉಂಗುರ ಹನಿಯ ಅಂಚಿನ ಕಡೆ ಮೂಡಿದರೆ ಗುಂಡಿ ಬೀಳುವುದು ನಡುವಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ತುಕ್ಕು ಹಿಡಿಯುವಾಗ ಅಲ್ಲೊಂದು ಪುಟ್ಟ ಬ್ಯಾಟರಿಯೇ ನಡೆಯುತ್ತಿರುತ್ತದೆ. ಬ್ಯಾಟರಿಯ ವಿದ್ಯುತ್ ಸುತ್ತು ಹಾಕಲು ಲೋಹದ ದಾರಿ ಒಂದು, ನೀರಿನ ದಾರಿ ಇನ್ನೊಂದು. ಶುದ್ಧ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಉಪ್ಪು ಕರಗಿದರೆ ದಾರಿ ಸಲೀಸಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಹಡಗಿನ ಮೊಳೆಗಳಿಗೆ ಅಷ್ಟು ಬೇಗ ಕೇಡು. ಸವಳು ಎಂದರೇನು ಎಂದು ಮಾನ್ವಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಲುವೆ ನೀರು ನಿಂತು ನಿಂತು, ಉಪ್ಪು ಮೇಲೆದ್ದು, ಬೆಳ್ಳಗೆ ಪುಡಿ ಕಟ್ಟಿದ ಹೊಲಗಳನ್ನು ನೀವು ನೋಡಿದ್ದೀರಿ. ಅಂಥ ನೆಲದಲ್ಲಿ ಹೂತ ಕಬ್ಬಿಣದ ಗೂಟಕ್ಕೆ ಸಮುದ್ರ ದೂರವೇನಲ್ಲ.

ತುಕ್ಕಿನ ಇನ್ನೊಂದು ಕೆಟ್ಟ ಗುಣವೆಂದರೆ ಅದು ಉಬ್ಬುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ ಮೇಲಿನ ಪದರ ಏಳುವಂತೆ ಪದರ ಪದರವಾಗಿ ಏಳುತ್ತದೆ. ಎದ್ದ ಪದರದ ಕೆಳಗೆ ಮತ್ತೆ ನೀರು ನುಗ್ಗುತ್ತದೆ. ಹಡಗಿನ ಹಲಗೆಯೊಳಗಿನ ಮೊಳೆ ಹೀಗೆ ಉಬ್ಬಿದರೆ ಗಟ್ಟಿ ಮರವೂ ಸೀಳುತ್ತದೆ. ಹಳೆಯ ಮನೆಗಳ ಛತ್ತಿನ ಸಿಮೆಂಟು ಸರಳಿನ ಗುಂಟ ಬಿರಿದು ಬೀಳುವುದೂ ಇದರಿಂದಲೇ. ಅಲ್ಯುಮಿನಿಯಂ ಕೂಡ ಆಮ್ಲಜನಕದ ಜೊತೆ ಸೇರುತ್ತದೆ. ಆದರೆ ಅದರ ಪದರ ತೆಳ್ಳಗೆ, ಬಿಗಿಯಾಗಿ ಮೈಗೆ ಅಂಟಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ನಿಮ್ಮ ಮನೆಯ ಅಲ್ಯುಮಿನಿಯಂ ಬೋಗುಣಿ ವರ್ಷಗಟ್ಟಲೆ ಬಾಳುವುದು ಅದಕ್ಕೇ.

ಈಗ ಒಂದು ಹಡಗಿನ ಕಥೆ. ನನಗೆ ಬಹಳ ಇಷ್ಟವಾದದ್ದು.

1761ರಲ್ಲಿ ಇಂಗ್ಲೆಂಡಿನ ನೌಕಾಪಡೆಯವರು ‘ಅಲಾರ್ಮ್’ ಎಂಬ ತಮ್ಮ ಹಾಯಿಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿದರು. ಬಿಸಿ ಸಮುದ್ರಗಳಲ್ಲಿ ಒಂದು ಬಗೆಯ ಹುಳು ಮರವನ್ನು ಕೊರೆದು ತಿನ್ನುತ್ತದೆ. ಚಿಪ್ಪಿನ ಜೀವಿಗಳು ತಳಕ್ಕೆ ಅಂಟಿ ಹಡಗಿನ ವೇಗ ತಗ್ಗಿಸುತ್ತವೆ. ತಾಮ್ರ ಇದ್ದರೆ ಎರಡರ ಕಾಟವೂ ಇಲ್ಲ. ಹಡಗು ವೆಸ್ಟ್ ಇಂಡೀಸಿಗೆ ಹೋಗಿ ಬಂತು. 1763ರಲ್ಲಿ ಪರೀಕ್ಷೆ ಮಾಡಿದಾಗ ಮರ ಚೆನ್ನಾಗಿತ್ತು, ಹುಳು ಹತ್ತಿರ ಸುಳಿದಿರಲಿಲ್ಲ. ಆದರೆ ತಗಡುಗಳು ಅಲ್ಲಲ್ಲಿ ಕಳಚಿದ್ದವು. ಅವನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಗುರುತು ಸಿಗದಷ್ಟು ಸವೆದುಹೋಗಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಮಾತ್ರ ಹೊಸದಾಗಿಯೇ ಇದ್ದವು. ಯಾಕೆಂದು ನೋಡಿದರೆ, ತಾಮ್ರದ ತಗಡು ಸುತ್ತಿಕೊಂಡು ಬಂದಿದ್ದ ಕಂದು ಕಾಗದವನ್ನು ಆ ಜಾಗಗಳಲ್ಲಿ ಯಾರೋ ಪೂರ್ತಿ ತೆಗೆದಿರಲಿಲ್ಲ. ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಕಾಗದ ಉಳಿದಿತ್ತು, ಅಷ್ಟೇ. ಕೆಲಸಗಾರನ ಅರೆಬರೆ ಕೆಲಸದಿಂದ ವಿಜ್ಞಾನಕ್ಕೆ ಲಾಭವಾಯಿತು.

ಕಾಗದ ಮಾಡಿದ್ದೇನು? ಎಲೆಕ್ಟ್ರಾನುಗಳ ದಾರಿ ಮುಚ್ಚಿತು. ಲೋಹಗಳಲ್ಲಿ ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುವವು ಇವೆ, ಬಿಗಿಹಿಡಿಯುವವೂ ಇವೆ. ನಾವಿಲ್ಲಿ ಮಾತಾಡುವ ಲೋಹಗಳಲ್ಲಿ ಮೆಗ್ನೀಸಿಯಂ ಎಲ್ಲಕ್ಕಿಂತ ಧಾರಾಳಿ. ಆಮೇಲೆ ಸತು, ಅಲ್ಯುಮಿನಿಯಂ, ಅದರ ಕೆಳಗೆ ಕಬ್ಬಿಣ, ಆಮೇಲೆ ತವರ, ತಾಮ್ರ, ಎಲ್ಲಕ್ಕಿಂತ ಜಿಪುಣ ಚಿನ್ನ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆಂದರೆ, ಧಾರಾಳಿಯು ತನ್ನ ಎಲೆಕ್ಟ್ರಾನುಗಳನ್ನು ಜಿಪುಣನ ಕಡೆಗೆ ಹರಿಸಿ ತಾನು ಕರಗುತ್ತದೆ. ಅಲಾರ್ಮ್ ಹಡಗಿನಲ್ಲಿ ಕರಗಿದ್ದು ಕಬ್ಬಿಣ. ಅದೂ ದೊಡ್ಡ ತಾಮ್ರದ ತಗಡಿಗೆ ಚಿಕ್ಕ ಚಿಕ್ಕ ಮೊಳೆ, ಇನ್ನೆಷ್ಟು ದಿನ ಬಾಳೀತು?

ದೇವದುರ್ಗದ ಪಕ್ಕದಲ್ಲೇ, ಲಿಂಗಸುಗೂರು ತಾಲ್ಲೂಕಿನಲ್ಲಿ, ಹಟ್ಟಿ ಚಿನ್ನದ ಗಣಿಯಿದೆ. ಚಿನ್ನಕ್ಕೆ ತುಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತು. ಯಾರೋ ಶ್ರೀಮಂತ ತನ್ನ ಹಡಗಿನ ಕಬ್ಬಿಣದ ಪಟ್ಟಿಗಳಿಗೆಲ್ಲ ಹಟ್ಟಿಯ ಚಿನ್ನದ ಮೊಳೆ ಹೊಡೆಸಿದ ಎಂದುಕೊಳ್ಳಿ. ಏನಾಗುತ್ತದೆ? ಮೊಳೆಗಳು ಫಳಫಳ ಹೊಳೆಯುತ್ತಲೇ ಇರುತ್ತವೆ, ಅವುಗಳ ಸುತ್ತಲಿನ ಕಬ್ಬಿಣ ಮೊದಲಿಗಿಂತ ಬೇಗ ತಿಂದುಹೋಗುತ್ತದೆ! ಬೆಲೆ ಹೆಚ್ಚಾದ ಲೋಹ ಹಾಕಿದರೆ ರಕ್ಷಣೆಯೂ ಹೆಚ್ಚು ಎಂಬ ಎಣಿಕೆ ಇಲ್ಲಿ ಪೂರ್ತಿ ತಲೆಕೆಳಗು. ಹಳೆಯ ಹಡಗನ್ನು ರಿಪೇರಿ ಮಾಡುವವರು ಮೊಳೆ ಯಾವ ಲೋಹದ್ದು ಎಂದು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ, ಅದರ ಪಕ್ಕದಲ್ಲಿ ಯಾವ ಲೋಹ ಇದೆ ಎಂದೂ ಕೇಳುತ್ತಾರೆ.

ಹೀಗೆ ತಿನ್ನುವ ಗುಣವನ್ನೇ ತಿರುಗಿಸಿ ಕಾವಲಿಗೆ ಹಾಕಿದವನು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ. ಹಡಗುಗಳ ತಾಮ್ರ ಸವೆಯುವುದನ್ನು ತಡೆಯುವ ಉಪಾಯ ಹೇಳೆಂದು ನೌಕಾಪಡೆ ಕೇಳಿತ್ತು. ತಾಮ್ರಕ್ಕೆ ಸತುವಿನದೋ ಕಬ್ಬಿಣದ್ದೋ ಚಿಕ್ಕ ತುಂಡು ಅಂಟಿಸಿದರೆ ಸಾಕು, ಆ ತುಂಡು ತಾನು ಕರಗಿ ತಾಮ್ರವನ್ನು ಉಳಿಸುತ್ತದೆ ಎಂದು 1824ರಲ್ಲಿ ಅವನು ತೋರಿಸಿಕೊಟ್ಟ. ಉಪಾಯ ನೂರಕ್ಕೆ ನೂರು ಫಲಿಸಿತು. ತಾಮ್ರ ಒಂದಿಷ್ಟೂ ಕರಗಲಿಲ್ಲ. ಆದರೆ ಚಿಪ್ಪಿನ ಜೀವಿಗಳು ಹತ್ತಿರ ಬಾರದೆ ಇದ್ದದ್ದು ಕರಗುವ ತಾಮ್ರದ ವಿಷಕ್ಕೆ ಹೆದರಿ. ಕರಗುವುದು ನಿಂತ ಕೂಡಲೇ ಅವು ಗುಂಪುಗುಂಪಾಗಿ ಬಂದು ಅಂಟಿಕೊಂಡವು, ಹಡಗುಗಳು ತೆವಳತೊಡಗಿದವು. ಪಾಪ, ಡೇವಿಯ ತುಂಡುಗಳನ್ನು ಕಿತ್ತು ಹಾಕಿದರು.

ಆದರೂ ಅವನ ವಿಚಾರ ಸೋಲಲಿಲ್ಲ. ಇಂದು ಸಮುದ್ರದ ದೋಣಿಗಳ ತಳದಲ್ಲಿ, ಚುಕ್ಕಾಣಿಯ ಹತ್ತಿರ ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಬಲಿಲೋಹ ಎಂದು ಅವುಗಳ ಹೆಸರು. ಅರ್ಧದಷ್ಟು ಕರಗಿದ ಮೇಲೆ ತೆಗೆದು ಹೊಸದು ಹಾಕಬೇಕು. ಹೊಸಬರು ದೋಣಿಗೆ ಬಣ್ಣ ಹಚ್ಚುವ ಉತ್ಸಾಹದಲ್ಲಿ ಈ ಗಟ್ಟಿಗಳಿಗೂ ಬಣ್ಣ ಬಳಿದುಬಿಡುವುದುಂಟು. ಬಣ್ಣ ಮುಚ್ಚಿದ ಸತು ಕರಗಲಾರದು, ಕರಗದಿದ್ದರೆ ಕಾಯಲಾರದು. ಕೃಷ್ಣೆಯಂಥ ಸಿಹಿನೀರಿನ ದೋಣಿಗಾದರೆ ಸತುವಿನ ಬದಲು ಮೆಗ್ನೀಸಿಯಂ ಸರಿ. ಸಿಹಿನೀರಿನಲ್ಲಿ ವಿದ್ಯುತ್ತಿನ ದಾರಿ ಬಿಗಿಯಾದ್ದರಿಂದ ಇನ್ನೂ ಧಾರಾಳಿಯಾದ ಲೋಹವೇ ಬೇಕು. ನಿಮ್ಮ ಊರಿನ ಜಿಐ ತಗಡು, ಜಿಐ ಪೈಪುಗಳಲ್ಲಿ ಇರುವುದೂ ಸತುವಿನ ಲೇಪವೇ. ಅದರ ಮೇಲೆ ಗೀಚು ಬಿದ್ದು ಒಳಗಿನ ಕಬ್ಬಿಣ ಕಂಡರೂ ಸುತ್ತಲಿನ ಸತು ಕರಗುತ್ತಾ ಅದನ್ನು ಕಾಯುತ್ತಿರುತ್ತದೆ. ಬರೀ ಬಣ್ಣಕ್ಕೆ ಈ ಶಕ್ತಿಯಿಲ್ಲ.

ದುರಸ್ತಿಯ ಕೆಲಸ ನಡೆಯುವುದು ಹೇಗೆ? ಮೊದಲು ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ದಪ್ ಎನ್ನುತ್ತದೆ. ಬದಲಿಸಬೇಕಾದ್ದನ್ನು ಬದಲಿಸಿ, ಉಳಿದದ್ದರ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಉದುರಿಸುತ್ತಾರೆ. ಆಮೇಲೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು. ತುಕ್ಕು ತೊಳೆಯುವುದಕ್ಕೆ ಅಲ್ಲ, ಸಂದುಗಳಲ್ಲಿ ಕೂತ ಉಪ್ಪನ್ನು ತೆಗೆಯುವುದಕ್ಕೆ. ಉಪ್ಪು ಉಳಿದರೆ ಮೇಲೆ ಎಂಥ ಬಣ್ಣ ಹಚ್ಚಿದರೂ ಅದು ಕೆಳಗಿನಿಂದ ಗುಳ್ಳೆ ಎಬ್ಬಿಸುತ್ತದೆ. ಒಣಗಿದ ದಿನವೇ ಮೊದಲ ಲೇಪ ಬಳಿಯಬೇಕು. ಬರಿಮೈ ಕಬ್ಬಿಣ ಕಡಲ ಗಾಳಿಯಲ್ಲಿ ಒಂದು ರಾತ್ರಿ ಕಳೆದರೂ ಬೆಳಗಿಗೆ ಕೆಂಪಾಗಿರುತ್ತದೆ.

ಈ ಮೊದಲ ಲೇಪವನ್ನು ನೀವು ರಾಯಚೂರಿನ ವೆಲ್ಡಿಂಗ್ ಅಂಗಡಿಗಳಲ್ಲಿ ನೋಡಿಯೇ ಇರುತ್ತೀರಿ. ಹೊಸ ಕಿಟಕಿ, ಗೇಟುಗಳಿಗೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಬಳಿದು ಸಾಲಾಗಿ ನಿಲ್ಲಿಸಿರುತ್ತಾರೆ. ಆ ಕೆಂಪು ಪುಡಿ ಯಾವುದು ಗೊತ್ತೇ? ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದೇ, ತುಕ್ಕಿನ ಸೋದರ! ಇನ್ನು ಆಮ್ಲಜನಕ ಬೇಡದ, ತಣ್ಣಗೆ ಕೂತ ಪುಡಿ ಅದು. ಎಣ್ಣೆಯಲ್ಲೋ ಅಂಟಿನಲ್ಲೋ ಕಲಸಿ ಬಳಿದಾಗ ನೀರಿಗೆ ಅಡ್ಡ ನಿಲ್ಲುತ್ತದೆ. ಹಡಗಿನವರು ಈಗ ಸತುವಿನ ಪುಡಿ ತುಂಬಿದ ಲೇಪವನ್ನು ಹೆಚ್ಚು ಬಳಸುತ್ತಾರೆ.

ಪೂರ್ತಿ ಉಜ್ಜಿ ತೆಗೆಯಲಾಗದ ತುಕ್ಕಿಗೆ ಇನ್ನೊಂದು ಮದ್ದಿದೆ. ಅದರ ಬೇರು ನಿಮ್ಮ ಹೊಲದ ಬದುವಿನಲ್ಲೇ ಇದೆ. ಕರಿಜಾಲಿ, ತಂಗಡಿ ಗಿಡಗಳ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇರುತ್ತದೆ. ಚರ್ಮ ಹದ ಮಾಡಲು ಹಿಂದಿನಿಂದ ಬಳಸಿದ್ದು ಇದನ್ನೇ. ಟ್ಯಾನಿನ್ ತುಕ್ಕಿಗೆ ತಾಗಿದರೆ ಕೆಂಪು ತುಕ್ಕು ಕಪ್ಪಗಿನ ಗಟ್ಟಿ ಪದರವಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣದ ಸಾಮಾನುಗಳಿಗೆ ಟ್ಯಾನಿಕ್ ಆಮ್ಲ ಬಳಿಯುವುದು ಈ ಕಾರಣಕ್ಕೆ. ಬೇಕಾದರೆ ತುಕ್ಕು ಹಿಡಿದ ಮೊಳೆಯೊಂದನ್ನು ಹಾಲು ಹಾಕದ ಕಡು ಚಹಾದಲ್ಲಿ ರಾತ್ರಿಯಿಡೀ ಇಟ್ಟು ನೋಡಿ. ಚಹಾದಲ್ಲೂ ಟ್ಯಾನಿನ್ ಇದೆ. (ಆ ಚಹಾ ಕುಡಿಯಬೇಡಿ, ಅಣ್ಣನಿಗೂ ಕೊಡಬೇಡಿ.)

“ಅಷ್ಟೆಲ್ಲ ಯಾಕೆ, ಎಲ್ಲವನ್ನೂ ಸ್ಟೀಲಿನಲ್ಲಿ ಮಾಡಿದರಾಯಿತಲ್ಲ” ಎನ್ನುವವರಿದ್ದಾರೆ. ಊಟದ ಸ್ಟೀಲ್ ತಟ್ಟೆಗೆ ತುಕ್ಕು ಹಿಡಿಯದು, ನಿಜವೇ. ಅದರಲ್ಲಿ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಬೆರೆತಿದೆ, ಅದು ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕವಚ ಕಟ್ಟುತ್ತದೆ. ಆದರೆ ಆ ಕವಚ ಉಳಿಯಲು ಗಾಳಿಯ ಆಮ್ಲಜನಕ ಬೇಕು. ಹಡಗಿನ ಒದ್ದೆ ಮರದೊಳಗೆ ಹುದುಗಿದ ಸ್ಟೀಲ್ ಬೋಲ್ಟಿಗೆ ಗಾಳಿ ತಲುಪುವುದಿಲ್ಲ, ಉಪ್ಪುನೀರು ಮಾತ್ರ ನಿಂತಿರುತ್ತದೆ. ಹನಿಯ ನಡುವಿನ ಗುಂಡಿಯ ಮಾತು ನೆನಪಿದೆಯಲ್ಲ? ಇಲ್ಲೂ ಹಾಗೆಯೇ, ಗಾಳಿ ಸಿಗದ ಜಾಗದಲ್ಲಿ ಗುಂಡಿ ಬೀಳುತ್ತದೆ. ಮೇಲೆ ಕಾಣುವ ತಲೆ ಕನ್ನಡಿ, ಒಳಗಿನ ಕಾಲು ಪೊಳ್ಳು. ಕೂವೆಕಂಬದ ತಂತಿ ಹಿಡಿದ ಪಟ್ಟಿಗಳು ಹೀಗೆ ಒಳಗೊಳಗೇ ಸವೆದು, ಒಂದು ದಿನ ಗಾಳಿ ಬೀಸಿದಾಗ ಕಂಬವೇ ಉರುಳುವುದುಂಟು. ಹಳೆಯ ದೋಣಿ ಕೊಂಡವರು ಹೊಳೆಯುವ ಬೋಲ್ಟನ್ನೂ ಬಿಚ್ಚಿ ನೋಡಬೇಕು ಎನ್ನುವುದು ಅದಕ್ಕೆ. ನೋಡಲು ಚೆನ್ನಾಗಿದ್ದ ಮಾತ್ರಕ್ಕೆ ಬಿಡಬಾರದು. ಮತ್ತೆ ಕೂಡಿಸುವಾಗ ಎರಡು ಬೇರೆ ಲೋಹಗಳ ನಡುವೆ ಪ್ಲಾಸ್ಟಿಕ್ ಅಥವಾ ನೈಲಾನ್ ವಾಷರ್ ಇಡುತ್ತಾರೆ. ಅಲಾರ್ಮ್ ಹಡಗಿನ ಕಂದು ಕಾಗದದ ಕೆಲಸವನ್ನು ಈಗ ಅದು ಮಾಡುತ್ತದೆ.

ಕೆಲವು ಹಡಗುಗಳ ಕಾಯಿಲೆ ಈ ಎಲ್ಲ ಮದ್ದಿಗೂ ಮೀರಿದ್ದು. ಬ್ರೂನೆಲ್ ಎಂಬ ಎಂಜಿನಿಯರ್ ಕಟ್ಟಿಸಿದ ‘ಗ್ರೇಟ್ ಬ್ರಿಟನ್’ 1843ರಲ್ಲಿ ಬ್ರಿಸ್ಟಲ್ ಊರಿನಲ್ಲಿ ನೀರಿಗಿಳಿಯಿತು. ಮೈಯೆಲ್ಲ ಕಬ್ಬಿಣ, ಉಗಿಯಂತ್ರದ ಜೊತೆಗೆ ಆರು ಕೂವೆಕಂಬ. 1882ರಲ್ಲಿ ಯಂತ್ರ ತೆಗೆದು ಬರೀ ಹಾಯಿಹಡಗನ್ನಾಗಿ ಮಾಡಿದರು. ಕೊನೆಗೆ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಅದನ್ನು ಕೈಬಿಟ್ಟರು. 1970ರಲ್ಲಿ ಮೇಲೆತ್ತಿ ಬ್ರಿಸ್ಟಲ್ಲಿಗೆ ತಂದಾಗ ಕಬ್ಬಿಣದ ರಂಧ್ರಗಳೊಳಗೆಲ್ಲ ಉಪ್ಪು ಇಳಿದಿತ್ತು. ತೊಳೆದರೂ ಹೋಗದು. ಆ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ತುಕ್ಕು ಹಿಡಿಸುತ್ತಿತ್ತು. ಉಪ್ಪು ತೆಗೆಯಲಾಗದಿದ್ದರೆ ನೀರು ತೆಗೆಯೋಣ ಎಂದರು ಅಲ್ಲಿನವರು. ಹಡಗಿನ ನೀರ್ಗೆರೆಯ ಮಟ್ಟದಲ್ಲಿ ಸುತ್ತಲೂ ಗಾಜಿನ ಚಾವಣಿ ಹಾಕಿ, ಅದರ ಕೆಳಗಿನ ಗಾಳಿಯನ್ನು ಯಂತ್ರಗಳಿಂದ ಒಣಗಿಸಿ, ತೇವಾಂಶ ನೂರಕ್ಕೆ 20ರಲ್ಲೇ ನಿಲ್ಲುವಂತೆ ಮಾಡಿದ್ದಾರೆ. 2005ರಿಂದ ಅದು ಹಾಗೆಯೇ ಇದೆ. ಮರುಭೂಮಿಯಷ್ಟು ಒಣಗಾಳಿ! ಅಷ್ಟು ಹಣ ಸುರಿದು ಅವರು ಮಾಡಿಕೊಂಡ ಗಾಳಿಗೆ ಹತ್ತಿರದ ಗಾಳಿ ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ರಾಯಚೂರಿನ ಬೀದಿಗಳಲ್ಲಿ ಪುಕ್ಕಟೆ ಬೀಸುತ್ತದೆ. ನಮ್ಮ ಬಿಸಿಲನ್ನು ಬೈಯುವಾಗ ಇಷ್ಟನ್ನಾದರೂ ಅದರ ಪಾಲಿಗೆ ಬರೆಯಿರಿ.

ಇನ್ನು ತೆಪ್ಪದ ದಾರಿ ಹಿಡಿದ ಹಾಯಿಹಡಗೂ ಒಂದಿದೆ, ಅದೂ ಕರ್ನಾಟಕದಲ್ಲೇ ನೌಕಾಪಡೆಗೆ ಸೇರಿದ್ದು. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆ ಬರಮಾಡಿಕೊಂಡ ‘ಕೌಂಡಿನ್ಯ’ದ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅಜಂತಾದ ಚಿತ್ರವೊಂದರಲ್ಲಿರುವ ಹಡಗೇ ಅದಕ್ಕೆ ಮಾದರಿ. ಹೊಲಿಗೆಗೆ ತುಕ್ಕಿನ ಮಾತೇ ಇಲ್ಲ.

ಮತ್ತೆ ನಿಮ್ಮ ಊರಿಗೆ ಬರೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ಸುಮಾರು 70 ವರ್ಷ ನೀರಿನಲ್ಲಿ ದುಡಿದ ಉಕ್ಕು. ಮಾನ್ವಿ, ರಾಯಚೂರಿನ ಎಷ್ಟೋ ಹೊಲಗಳು ಎಡದಂಡೆ ಕಾಲುವೆಯಲ್ಲಿ ಬರುವ ಆ ನೀರನ್ನೇ ನಂಬಿವೆ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಆಮೇಲೆ ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿದರು. ಉಕ್ಕಿಗೆ ವಯಸ್ಸಾಗುವುದು ಎಂದರೆ ತುಕ್ಕು, ಸವೆತ, ದಣಿವು ಮೂರೂ ಸೇರಿ. ಅದರಲ್ಲೂ ನೀರು ಏರಿ ಇಳಿಯುವ ಗೆರೆಯ ಹತ್ತಿರ ಕೇಡು ಹೆಚ್ಚು, ಯಾಕೆಂದರೆ ಅಲ್ಲಿ ನೀರೂ ಗಾಳಿಯೂ ಎರಡೂ ಧಾರಾಳ. ಮುಂದಿನ ಸಲ ದೊಡ್ಡವರ ಜೊತೆ ಕಾಲುವೆ ಕಡೆ ಹೋದಾಗ ದೂರದಿಂದಲೇ ತೂಬಿನ ಬಾಗಿಲನ್ನು ನೋಡಿ. ಕೆಂಪು ಪಟ್ಟಿ ಯಾವ ಎತ್ತರದಲ್ಲಿದೆ?

ಈಗ ನೀವು ಮಾಡಬೇಕಾದ ಕೆಲಸ. ಬಣ್ಣವಾಗಲಿ ಸತುವಾಗಲಿ ಇಲ್ಲದ ಸಾದಾ ಕಬ್ಬಿಣದ ಮೊಳೆಗಳನ್ನು ಸೋಪಿನಿಂದ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ. ನಾಲ್ಕು ಗಾಜಿನ ಲೋಟ ತೆಗೆದುಕೊಂಡು ಮೂರರಲ್ಲಿ ಉಪ್ಪುನೀರು ತುಂಬಿ. ಒಂದರಲ್ಲಿ ಬರೀ ಮೊಳೆ ಹಾಕಿ. ಇನ್ನೊಂದರಲ್ಲಿ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ ಮೊಳೆ, ಮತ್ತೊಂದರಲ್ಲಿ ಹೊಸ ಜಿಐ ತಂತಿ ಸುತ್ತಿದ ಮೊಳೆ ಹಾಕಿ. ಕಡೆಯ ಲೋಟಕ್ಕೆ ಮಾತ್ರ ಉಪ್ಪಿಲ್ಲದ ನೀರು. ಅದನ್ನು ಮೊದಲು ದೊಡ್ಡವರಿಂದ ಚೆನ್ನಾಗಿ ಕುದಿಸಿ ಆರಿಸಿಟ್ಟುಕೊಳ್ಳಿ, ಮೊಳೆ ಹಾಕಿದ ಮೇಲೆ ಅಡುಗೆ ಎಣ್ಣೆಯ ಪದರ ಹುಯ್ಯಿರಿ. ಕುದಿಸಿದರೆ ನೀರಿನೊಳಗಿನ ಗಾಳಿ ಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ಒಳಗೆ ಬಿಡುವುದಿಲ್ಲ. ವಾರದ ಮಟ್ಟಿಗೆ ಪ್ರತಿದಿನ ಒಮ್ಮೆ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆಯಿರಿ. ಏನು ಕಾಣುತ್ತದೆ ಎಂದು ನಾನು ಹೇಳುವುದಿಲ್ಲ, ಅಲಾರ್ಮ್ ಮತ್ತು ಡೇವಿಯ ಕಥೆ ಓದಿದವರು ಮೊದಲೇ ಊಹಿಸಿ ಬರೆದಿಡಿ.

ರಾಯಚೂರು, ದೇವದುರ್ಗ, ಮಾನ್ವಿಯ ಗೆಳೆಯರು ಸೇರಿ ಮಾಡುವುದಾದರೆ ಇನ್ನೂ ಚೆನ್ನ. ಬರೀ ಮೊಳೆಯ ಲೋಟಕ್ಕೆ ಉಪ್ಪುನೀರಿನ ಬದಲು ನಿಮ್ಮ ನಿಮ್ಮ ಊರಿನ ನೀರನ್ನೇ ಹಾಕಿ: ಒಬ್ಬರು ನಲ್ಲಿಯದು, ಒಬ್ಬರು ಬೋರ್‌ವೆಲ್ಲಿನದು, ಒಬ್ಬರು ಸವಳು ನೀರು. ಯಾರ ಮೊಳೆ ಮೊದಲು ಕೆಂಪಾಯಿತು ಎಂದು ಹೋಲಿಸಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಮೊಳೆಗಳನ್ನು ಬರಿಗೈಯಿಂದ ತೆಗೆಯಬೇಡಿ, ಇಕ್ಕಳ ಬಳಸಿ.